ಗದ್ದೆಯ ಏಡಿ, ನದಿಯ ಏಡಿ

ಏಡಿ ಮೀನೋ ಅಲ್ಲವೋ? ಈ ಪ್ರಶ್ನೆ ಇನ್ನೂ ನನ್ನ ತಲೆ ತಿನ್ನುತ್ತಿದೆ.

ನನ್ನಪ್ಪ ಕೆಂಚನಗುಡ್ಡದ ಹತ್ತಿರ ನದಿಯಲ್ಲಿ ಏಡಿ, ಮೀನು ಹಿಡಿದು ಸಿರುಗುಪ್ಪಕ್ಕೆ ಒಯ್ದು ಮಾರುವವನು. ಅದಕ್ಕೊಂದು ಲೈಸೆನ್ಸ್ ಇದೆ. ಅದು ಹೋದರೆ ಅಪ್ಪನಿಗೆ ಬೇರೆ ಕಸುಬು ಗೊತ್ತಿಲ್ಲ. ಮಳೆಗಾಲ ಮರಿಯಾಗುವ ಕಾಲ, ಆಗ ನದಿ ಬಂದ್, ಏನನ್ನೂ ಹಿಡಿಯುವಂತಿಲ್ಲ. ಬಂದ್ ತೆಗೆದ ಮೇಲೂ ದಿನಕ್ಕೆ ಆಳಿಗೊಂದೇ ಬುಟ್ಟಿ ಏಡಿ. ಹೊಟ್ಟೆಯಡಿ ಮರಿ ಹೊತ್ತ ತಾಯಿಯನ್ನು ಮುಟ್ಟಕೂಡದು. ಈ ಕೊನೆಯ ನಿಯಮ ಸರಕಾರ ಹೇಳುವ ಮೊದಲೇ ನಮ್ಮ ಮನೆಯಲ್ಲಿತ್ತು. ಅಂಥ ಏಡಿ ಸಿಕ್ಕರೆ ಅಪ್ಪ ನೀರಿಗೆ ಬಿಟ್ಟು ಕೈ ಮುಗಿಯುತ್ತಿದ್ದ.

ಆ ಮಳೆಗಾಲ ನಾನು ಕುರುಗೋಡಿನಿಂದ ತವರಿಗೆ ಬಂದಿದ್ದೆ. ಬೆಳಿಗ್ಗೆಯೇ ಪಕ್ಕದ ಗದ್ದೆಯ ಗೌಡರು ಬಂದು ಗೋಗರೆದರು.

"ಏಡಿ ಬದುವಿಗೆಲ್ಲ ತೂತು ಹಾಕ್ಯಾವಪಾ, ನೀರು ಸೋರಿ ಹೊಂಟೈತಿ. ಹಿಡಕೊಂಡು ಹೋಗು, ಇಲ್ಲಾಂದ್ರ ಔಷಧಿ ಹಾಕಿ ಸಾಯಸ್ತೀನಿ."

"ಈಗ ಬಂದ್ ಐತ್ರೀ ಗೌಡ್ರ," ಅಂದ ಅಪ್ಪ.

"ನದಿ ಬಂದ್ ಐತಿ. ನನ್ನ ಗದ್ದಿ ಯಾವಾಗ ನದಿ ಆತಲೇ?"

ಅದೇ ಏಡಿ ನದಿಯಲ್ಲಿದ್ದರೆ ಮುಟ್ಟಿದವನು ಕಳ್ಳ, ಹಳ್ಳ ಹಿಡಿದು ಗದ್ದೆಗೆ ಬಂದರೆ ಕೊಂದವನು ಪುಣ್ಯವಂತ! ನನಗಂತೂ ತಲೆಬುಡ ತಿಳಿಯಲಿಲ್ಲ.

ಅಪ್ಪ ಗದ್ದೆಯಲ್ಲಿ ಹಿಡಿದ. ಬಹಳಷ್ಟು ಮರಿ ಹೊತ್ತವೇ. ಉಳಿದವನ್ನು ಮನೆಗೆ ಸಾರು ಮಾಡಲು ಕೊಟ್ಟು, "ಇವನ್ನ ಇಲ್ಲೇ ಬಿಟ್ರ ಗೌಡ್ರು ಕೊಲ್ಲತಾರ," ಎಂದು ತಾಯಿ ಏಡಿಗಳ ಬುಟ್ಟಿ ಹೊತ್ತು ನದಿಗೆ ನಡೆದ. ನಾನೂ ಹಿಂದೆ ಹೋದೆ. ದಡದಲ್ಲಿ ತಪಾಸಣೆಗೆ ಬಂದ ಮೀನುಗಾರಿಕೆ ಇಲಾಖೆಯ ಸಾಹೇಬರು ನಿಂತಿದ್ದರು.

"ಬಂದ್ ಇದ್ದಾಗ ಏಡಿ ಹಿಡಿಯಾಕ ಹತ್ತೀಯೇನು?"

"ಇಲ್ರೀ ಸಾಹೇಬ್ರ, ಬಿಡಾಕ ಬಂದೀನ್ರಿ."

ಅವರು ನಕ್ಕೇಬಿಟ್ಟರು. ನಾನು ಗದ್ದೆ, ಬದು, ಗೌಡರು ಎಂದೆಲ್ಲ ಬಡಬಡಿಸಿದೆ. ಪಾಪ, ಅವರಿಗೂ ಗೊಂದಲವಾಯಿತು. ಏಡಿಗಳನ್ನು ನೀರಿಗೆ ಬಿಡಿಸಿ, "ಹಿಡಿಯೂದಕ್ಕ ರೂಲ್ಸ್ ಅದಾವು. ಬಿಡೂದಕ್ಕ ಏನೈತೋ ಬಳ್ಳಾರಿಯೊಳಗ ಕೇಳ್ತೀನಿ. ಅಲ್ಲೀತನಕ ನದಿಗೆ ಇಳೀಬ್ಯಾಡ," ಎಂದು ಲೈಸೆನ್ಸ್ ಇಸಿದುಕೊಂಡು ಹೋದರು.

ಬಳ್ಳಾರಿಯ ಕಚೇರಿಗೆ ನಾನೇ ಹೋಗಿ ಕೇಳಿದೆ. ಗದ್ದೆಯ ಏಡಿ ನಮಗೆ ಸಂಬಂಧವಿಲ್ಲ ಎಂದರು ಒಬ್ಬರು. ಏಡಿ ಎಲ್ಲಿದ್ದರೂ ಮೀನಿನ ಲೆಕ್ಕವೇ ಎಂದರು ಇನ್ನೊಬ್ಬರು. ಹಾಗಾದರೆ ನಮ್ಮಪ್ಪನದು ತಪ್ಪೋ ಸರಿಯೋ ಅಂದರೆ, ಅಡ್ಡಗೋಡೆ ಮೇಲೆ ದೀಪ. ಸಿಟ್ಟಿಗೆ ಮೈ ಉರಿಯಿತು.

ಬಂದ್ ತೆಗೆದಾಗ ಮತ್ತೆ ತವರಿಗೆ ಹೋದೆ. ಊರವರೆಲ್ಲ ನದಿಗೆ ಇಳಿದಿದ್ದರು, ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಲೈಸೆನ್ಸ್ ಬಂದಿರಲಿಲ್ಲ. ಗೌಡರು ಮತ್ತೆ ಕರೆದರು, ಹೋದ. ಸಂಜೆ ಮರಿ ಹೊತ್ತ ಒಂದು ಏಡಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ನದಿಯ ಕಡೆಗೇ ಹೊರಟ.

"ಯಪ್ಪಾ, ಬುದ್ಧಿಗಿದ್ಧಿ ಐತೋ ಇಲ್ಲೋ? ಸಾಹೇಬ್ರು ನೋಡಿದ್ರ ಲೈಸೆನ್ಸ್ ತಿರುಗಿ ಬಂದಂಗೇ ಐತಿ!"

"ಲೈಸೆನ್ಸ್ ಹೋಗಿದ್ದು ನಂದು, ಯವ್ವಾ. ಏಡಿ ತನ್ನ ಮನಿಗೆ ಹೋಗಾಕ ಯಾವ ಲೈಸೆನ್ಸ್ ಬೇಕು?"

ಬುಟ್ಟಿ ಅವನ ಕೈಯಿಂದ ಕಿತ್ತುಕೊಂಡೆ. ಸಾಹೇಬರು ಕಸಿದುಕೊಳ್ಳಲು ನನ್ನ ಹತ್ತಿರ ಯಾವ ಲೈಸೆನ್ಸ್ ಇತ್ತು? "ನೀ ಇಲ್ಲೇ ನಿಲ್ಲು," ಎಂದು ಸೀರೆ ಎತ್ತಿಕಟ್ಟಿ ನಾನೇ ನೀರಿಗಿಳಿದೆ. ಏಡಿ ಬಿಟ್ಟು ತಿರುಗಿದರೆ ಅಪ್ಪ ದಡದಲ್ಲಿ ಕೈ ಮುಗಿದು ನಿಂತಿದ್ದ, ಏಡಿಗೋ ನನಗೋ ತಿಳಿಯಲಿಲ್ಲ.