ಶಿವಲಿಂಗಯ್ಯ ಮೇಷ್ಟ್ರ ನೆತ್ತರುಗೊಡಗೆ

ನಮ್ಮ ಕನ್ನಡ ಮೇಷ್ಟ್ರು ಶಿವಲಿಂಗಯ್ಯನವರಿಗೆ ರಕ್ತ ಕಂಡರೆ ತಲೆ ಸುತ್ತುತ್ತಿತ್ತು. ಹಳಗನ್ನಡದ ಯುದ್ಧಪ್ರಸಂಗ ಪಾಠ ಮಾಡುವಾಗ ಮಾತ್ರ ನೆತ್ತರಿನ ಹೊಳೆ ಹರಿಸಿ, ಅದರಲ್ಲಿ ಮರುಳು-ಪಿಶಾಚಿಗಳನ್ನು ಈಜಾಡಿಸಿ, ಮೇಜು ಗುದ್ದುತ್ತಿದ್ದರು. ಒಮ್ಮೆ ಕ್ಲಾಸಿನಲ್ಲಿ ನನ್ನ ಬೆರಳಿಗೆ ಬ್ಲೇಡು ತಾಗಿದ್ದು ನೋಡಿ ಅವರೇ ಕುಸಿದು ಕೂತರು. ನಾವು ಹುಡುಗಿಯರು ವರ್ಷವಿಡೀ ಅದನ್ನೇ ಆಡಿಕೊಂಡು ನಕ್ಕೆವು.

ಬಿನ್ನಿಪೇಟೆಯ ಮಿಲ್ ಕಾರ್ಮಿಕರ ಮಗ ಅವರು, ಆ ಮನೆಯಲ್ಲಿ ಮೊದಲು ಓದಿದವರು. ಎಪ್ಪತ್ತೇಳರಲ್ಲಿ ವಾರಕ್ಕೆರಡು ಸಂಜೆ ಚಾಮರಾಜಪೇಟೆಯ ನಮ್ಮ ಮನೆಗೆ ನಡೆದು ಬಂದು ನನಗೆ ಪಾಠ ಹೇಳುತ್ತಿದ್ದರು. ಮನೆಗೆ ಅಂದರೆ ಜಗಲಿಗೆ. ಅವರ ಕಾಫಿಗೆ ಬೇರೆಯೇ ಲೋಟ, ಅದು ಕಿಟಕಿಯ ಮೇಲೇ ಇರುತ್ತಿತ್ತು. ಅದು ತಪ್ಪೆಂದು ನನಗೆ ಹೊಳೆಯಲೂ ಇಲ್ಲ, ಇವತ್ತು ನೆನೆದರೆ ನಾಚಿಕೆಯಾಗುತ್ತದೆ. ಅಮ್ಮ ಆಂಡಾಳ್ ಕಿಟಕಿಯ ಒಳಗೆ ಅಕ್ಕಿ ಆರಿಸುತ್ತ ಪಾಠ ಕೇಳುತ್ತಿದ್ದಳು.

“ಹಳೇ ಕವಿಗಳು ಕುಲ ದೊಡ್ಡದು ಅನ್ನೋಕೂ ನೆತ್ತರು ಅಂತಾರೆ, ಉಂಡ ಮನೆ ಋಣ ತೀರ್ಸೋಕೂ ನೆತ್ತರೇ,” ಎಂದರು ಒಂದು ದಿನ. “ಊರಿಗೋಸ್ಕರ ನೆತ್ತರು ಚೆಲ್ಲಿ ಸತ್ತೋನ ಮನೆಯವರಿಗೆ ರಾಜ ನೆಲ ಕೊಡ್ತಿದ್ದ. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು.”

ಆ ಮಳೆಗಾಲದಲ್ಲಿ ಅಮ್ಮನಿಗೆ ದೊಡ್ಡ ಆಪರೇಷನ್ ಆಯಿತು. ಅವಳದು ಅಪರೂಪದ ಗುಂಪಿನ ರಕ್ತ, ರಾತ್ರಿಯೊಳಗೆ ಸಿಗದಿದ್ದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಅಪ್ಪನದು, ನನ್ನದು ಹೊಂದಲಿಲ್ಲ. ಹೊಂದಿದ್ದು ಅಮ್ಮನ ಸ್ವಂತ ತಮ್ಮನದು. ಕೊಟ್ಟರೆ ತನ್ನ ಶಕ್ತಿ ಹೋಗುತ್ತದೆಂದು ಹೆದರಿ ಆ ಮಹಾರಾಯ ಕಲಾಸಿಪಾಳ್ಯದಲ್ಲಿ ಬಸ್ ಹತ್ತಿಬಿಟ್ಟ!

ಪಾಠಕ್ಕೆ ಬಂದು ಬೀಗ ಕಂಡ ಮೇಷ್ಟ್ರು ಪಕ್ಕದ ಮನೆಯಲ್ಲಿ ವಿಚಾರಿಸಿ ಆಸ್ಪತ್ರೆಗೆ ಓಡಿ ಬಂದರು. “ನಂದೂ ಒಂದ್ಸಲ ನೋಡ್ಬಿಡ್ಲಿ,” ಎಂದರು. ಹೊಂದಿತು. ಕಣ್ಣು ಬಿಗಿಯಾಗಿ ಮುಚ್ಚಿ, ನನ್ನ ಕೈ ಹಿಡಿದು, ಯುದ್ಧದ ಪದ್ಯ ಗಟ್ಟಿಯಾಗಿ ಹೇಳುತ್ತ ಮಲಗಿದರು. ಎಲ್ಲ ಮುಗಿದ ಮೇಲೆ ಬಾಟಲಿ ಕಣ್ಣಿಗೆ ಬಿದ್ದು ಮೂರ್ಛೆ ಹೋದರು. ಅಮ್ಮ ಆಮೇಲೆ ಹದಿಮೂರು ವರ್ಷ ನಮ್ಮ ಜೊತೆ ಇದ್ದಳು. ಆ ಒಂದೊಂದು ವರ್ಷವೂ ಅವರು ಕೊಟ್ಟದ್ದು.

ತಿಂಗಳ ಮೇಲೆ ಮೇಷ್ಟ್ರು ಎಂದಿನಂತೆ ಜಗಲಿಯಲ್ಲಿ ಕೂತರು. ಅಮ್ಮ ಊಟದ ಮನೆಯಲ್ಲಿ ಅಪ್ಪನ ಮಣೆಯ ಪಕ್ಕ ಇನ್ನೊಂದು ಮಣೆ ಹಾಕಿ ಬಾಗಿಲಿಗೆ ಬಂದಳು.

“ನೆತ್ತರುಗೊಡಗೆ ಅಂದ್ರೆ ನೆಲ ತಾನೆ ಮೇಷ್ಟ್ರೇ? ನಮಗೆ ಹೊಲ ಇಲ್ಲ. ಒಳಗೆ ಒಂದು ಮಣೆಯಷ್ಟು ಜಾಗ ಇದೆ, ಅದು ನಿಮ್ದು.”

ಮೇಷ್ಟ್ರು ಗಾಬರಿಯಾಗಿ ಎದ್ದು ನಿಂತರು. “ಅದು ಸತ್ತೋರ ಮನೆಯವರಿಗಮ್ಮಾ. ನಾನು ಬದುಕಿದೀನಲ್ಲ!”

“ಅದಕ್ಕೇ, ನೀವೇ ಬಂದು ಕೂತ್ಕೊಳ್ಳಿ.”

ಮೇಷ್ಟ್ರು ಚಪ್ಪಲಿ ಬಿಟ್ಟರು.