ಎಳೆಯದೆ ಅಳೆಯುವುದು

ಐದಡಿಗೆ ಒಂದು ಬೆರಳು ಕಮ್ಮಿ. ಭುಜ ಕಿರಿದು, ತೋಳು ಉದ್ದ. ಮೈಮೇಲಿನ ಕಂದು ಹತ್ತಿ ಬಟ್ಟೆಗೆ ನಾಲ್ಕು ವರ್ಷ ವಯಸ್ಸಾಗಿದೆ, ಒಗೆತ ಮಾತ್ರ ಚೊಕ್ಕಟ. ಎಡ ಮೊಣಕೈ ಹತ್ತಿರ ಒಂದು ತೇಪೆ, ಅದರ ಹೊಲಿಗೆ ಎಷ್ಟು ನೇರ ಎಂದರೆ ನನ್ನ ಅಂಗಡಿಯ ಸಿದ್ಧ ಉಡುಪುಗಳು ನಾಚಬೇಕು. ಮೆಟ್ಟಿಲು ಹತ್ತುವಾಗ ಗಾಜಿನ ಕಪಾಟಿನ ಕಡೆ ಕಣ್ಣೂ ಹಾಯಿಸಲಿಲ್ಲ. ಬಟ್ಟೆ ವ್ಯಾಪಾರದಲ್ಲಿ ಮೂವತ್ತನಾಲ್ಕು ವರ್ಷ ಕೂತವನಿಗೆ ಇಷ್ಟು ಸಾಕು. ಬಂದವರು ಬಾಯಿ ತೆರೆಯುವ ಮೊದಲೇ ನಾನು ಬೆಲೆ ಕಟ್ಟಿಬಿಟ್ಟಿದ್ದೆ: ವರ್ಷಕ್ಕೊಂದು ಸಲ ಬರುವ ಗಿರಾಕಿ, ಚೌಕಾಸಿ ಗೊತ್ತಿಲ್ಲ, ಕೆಳಗಿನ ಸಾಲಿನ ಅಗ್ಗದ ಬಟ್ಟೆ ತೋರಿಸಿ ಕಳಿಸಿದರಾಯಿತು.

ನನ್ನ ಅಂದಾಜು ಅಷ್ಟು ದೊಡ್ಡದಾಗಿ ತಪ್ಪಿದ್ದು ಅದೇ ಮೊದಲು.

"ಯಜಮಾನ್ರೇ, ನಾನು ಮೂರನೇ ಕ್ಲಾಸಿಗೆ ಹೊಸದಾಗಿ ಬಂದಿರೋ ಟೀಚರ್," ಎಂದರು. "ಪರದೆ ಬಟ್ಟೆ ಸುತ್ತಿ ಬರತ್ತಲ್ಲ, ಆ ರಟ್ಟಿನ ಕೊಳವೆಗಳು ನಿಮಗೆ ಬೇಡ ತಾನೆ?"

"ಬೇಡ. ಹಿತ್ತಲಲ್ಲಿ ಬಿದ್ದಿದಾವೆ. ಏನ್ಮಾಡ್ತೀರಿ?"

"ಮಕ್ಕಳಿಗೆ ಮೀಟರ್ ಕಡ್ಡಿ ಮಾಡಿಸ್ತೀನಿ."

ಒಂಬತ್ತು ಕೊಳವೆಗಳನ್ನು ಪುಕ್ಕಟೆ ಕೊಟ್ಟು, ದಾನಿಯ ಮುಖ ಮಾಡಿಕೊಂಡು ಕೂತೆ. ನನ್ನ ಬೆನ್ನಿಗೇ ಬೀಳುವ ಕೋಲುಗಳನ್ನು ನಾನೇ ಎಣಿಸಿ ಕೊಟ್ಟೆನೆಂದು ಆಗ ಗೊತ್ತಿರಲಿಲ್ಲ.

ಶಾಲೆಯ ಆ ಅವಧಿಯಲ್ಲಿ ಮೂರನೇ ತರಗತಿಯವರಿಗೆ 'ಉದ್ದ' ಎಂಬ ಪಾಠ. ಪುಸ್ತಕದಲ್ಲಿ ಅದಕ್ಕೆ ಎರಡೇ ಪುಟ. ಒಂದು ಪೆನ್ಸಿಲಿನ ಚಿತ್ರ, ಅದರ ಪಕ್ಕದಲ್ಲಿ ಅಡಿಪಟ್ಟಿಯ ಚಿತ್ರ, ಕೆಳಗೆ 'ನಿಮ್ಮ ಸುತ್ತಲಿನ ವಸ್ತುಗಳನ್ನು ಅಳೆದು ಪಟ್ಟಿ ಮಾಡಿ' ಎಂದು ಒಂದು ಸಾಲು. ಉಳಿದ ಟೀಚರುಗಳು ಇದನ್ನು ಎರಡು ದಿನದಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತಾರೆ, ಆ ಕೊನೆಯ ಸಾಲನ್ನು ಯಾರೂ ಓದುವುದಿಲ್ಲ. ಈಕೆ ಓದಿದರು, ಆರು ವಾರ ಹಿಡಿದರು.

ನನ್ನ ಮೊಮ್ಮಗಳು ಅದೇ ತರಗತಿ. ಮೊದಲ ವಾರ ಅವಳು ಮನೆಯನ್ನೆಲ್ಲ ಗೇಣಿನಲ್ಲಿ ಅಳೆದಳು. ಊಟದ ಮೇಜು ಅವಳ ಗೇಣಿಗೆ ಒಂಬತ್ತು, ನನ್ನ ಗೇಣಿಗೆ ಆರು. "ಹಾಗಾದ್ರೆ ಯಾರ ಮೇಜು ಸರಿ ತಾತ?" ಎಂದು ಕೇಳಿ ನನ್ನ ಕಾಫಿ ಆರಿಸಿದಳು. ಎರಡನೇ ವಾರ ಅಡಿಪಟ್ಟಿ ಬಂತು. ಸೊನ್ನೆಯಿಂದ ಶುರು ಮಾಡಬೇಕು, ಒಂದರಿಂದ ಅಲ್ಲ ಎಂದು ನನಗೇ ಪಾಠ ಹೇಳಿದಳು. ನನ್ನ ಮೂಗು ಐದೂವರೆ ಸೆಂಟಿಮೀಟರ್ ಎಂದು ತಿಳಿದದ್ದು ಆಗಲೇ. ಮೂರನೇ ವಾರ, ತನ್ನ ಸರದಿ ಬಂದ ದಿನ, ಸೆಂಟಿಮೀಟರ್ ಗೆರೆ ಎಳೆದ ರಟ್ಟಿನ ಕೊಳವೆ ಬಗಲಲ್ಲಿ ಹಿಡಿದು ಬಂದಳು. ಟೀಚರ್ ಮನೆಪಾಠ ಕೊಟ್ಟಿದ್ದರು: ಅಂಗಡಿಯಿಂದ ಅಳೆದು ತಂದ ಏನಾದರೂ ಒಂದನ್ನು ಮನೆಯಲ್ಲಿ ಮತ್ತೆ ಅಳೆಯಿರಿ. 'ಹೇಳಿದ್ದು' ಎಂದು ಒಂದು ಕಡೆ, 'ಸಿಕ್ಕಿದ್ದು' ಎಂದು ಇನ್ನೊಂದು ಕಡೆ ಬರೆಯಿರಿ.

ಅಡುಗೆಮನೆಯ ಕಿಟಕಿಗೆಂದು ಹಿಂದಿನ ದಿನ ನಾನೇ ಎರಡು ಮೀಟರ್ ಪರದೆ ಬಟ್ಟೆ ಹರಿದು ತಂದಿದ್ದೆ. ಹುಡುಗಿ ಅದನ್ನು ನೆಲದ ಮೇಲೆ ಹಾಸಿದಳು, ಅಂಗೈಯಿಂದ ಸವರಿದಳು, ಕೊಳವೆ ಇಟ್ಟಳು.

"ತಾತ, ಐದು ಸೆಂಟಿಮೀಟರ್ ಕಮ್ಮಿ."

"ಸರಿಯಾಗಿ ನೋಡು ಪುಟ್ಟಿ."

"ಮೂರು ಸಲ ನೋಡ್ದೆ."

ನನ್ನ ಹೆಂಡತಿ ಸೌಟು ಹಿಡಿದೇ ಬಂದಳು. ಈ ಮನೆಯ ಪರದೆಗಳೆಲ್ಲ ಯಾಕೆ ಗಿಡ್ಡ ಎಂದು ಮೂವತ್ತು ವರ್ಷದಿಂದ ಪಾಪ ಆ ದರ್ಜಿಯನ್ನು ಬೈಯುತ್ತಿದ್ದವಳು. "ಏನ್ರೀ ಇದು? ನಮ್ಮನೆ ಕಿಟಕಿಗೂ ಕೈ ತೋರಿಸಿದ್ರಾ?"

ಇಲ್ಲಿ ವ್ಯಾಪಾರದ ಒಂದು ಮಾತು ಹೇಳಬೇಕು. ನನ್ನ ಮೀಟರ್ ಕಡ್ಡಿಯಲ್ಲಿ ಮೋಸವಿಲ್ಲ. ಉಕ್ಕಿನದು, ವರ್ಷವರ್ಷವೂ ತೂಕ-ಅಳತೆ ಇಲಾಖೆಯವರು ಬಂದು ಮುದ್ರೆ ಒತ್ತುತ್ತಾರೆ. ಗುಟ್ಟು ಇರುವುದು ಕೈಯಲ್ಲಿ. ಬಟ್ಟೆಯನ್ನು ಕಡ್ಡಿಯ ಉದ್ದಕ್ಕೆ ಹಿಡಿದು, ಎರಡೂ ಹೆಬ್ಬೆರಳಿನಿಂದ ಬಿಗಿಯಾಗಿ ಎಳೆದು, ಅಲ್ಲೇ ಕತ್ತರಿಯಿಂದ ಒಂದು ಕಚ್ಚು ಹಾಕಿ ಪರ್ರೆಂದು ಹರಿಯುವುದು. ನಮ್ಮಪ್ಪ ಹಾಗೆಯೇ ಕಲಿಸಿದ. 'ಸಡಿಲ ಹಿಡಿದರೆ ಬಟ್ಟೆ ಸೊಟ್ಟ ಹರಿಯುತ್ತೆ ಕಣೋ' ಎಂದಿದ್ದ. ಎಳೆದ ಬಟ್ಟೆ ಮನೆಗೆ ಹೋಗಿ ಮೈ ಸಡಿಲಿಸಿದಾಗ ಎರಡು ಬೆರಳು ಒಳಕ್ಕೆ ಸರಿಯುತ್ತದೆ ಎಂದು ಆತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳದೇ ಇರುವುದರಲ್ಲಿ ಲಾಭವಿತ್ತು. ಆದರೆ ಸ್ವಂತ ಮನೆಗೆ ಹರಿಯುವಾಗಲೂ ಕೈ ಎಳೆದಿದೆಯಲ್ಲ, ಅದು ನನ್ನನ್ನೇ ಬೆಪ್ಪಾಗಿಸಿತು.

ಎಲ್ಲರ ಸರದಿ ಮುಗಿದ ದಿನ ತರಗತಿಯ ಗೋಡೆಗೆ ಪಟ್ಟಿ ಏರಿತು. ಮೂವತ್ತೆಂಟು ಮಕ್ಕಳು, ಮೂವತ್ತೆಂಟು ಸಾಲು. ಹಗ್ಗ, ರಿಬ್ಬನ್, ವಿದ್ಯುತ್ ತಂತಿ, ಬಾಗಿಲ ಹಲಗೆ. ಹನ್ನೊಂದು ಸಾಲು ಬಟ್ಟೆ, ಹನ್ನೊಂದರಲ್ಲೂ ಕಮ್ಮಿ. ಅಂಗಡಿಯ ಹೆಸರು ಎಲ್ಲಿಯೂ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ, ನಮ್ಮ ಬೀದಿಯಲ್ಲಿ ಬಟ್ಟೆ ಅಂಗಡಿ ಇರುವುದು ಒಂದೇ.

ಸಂಜೆಗೆ ಎಣ್ಣೆ ಅಂಗಡಿಯವ ನನ್ನ ಮೆಟ್ಟಿಲು ಹತ್ತಿದ. ಅವನೇ ಶಾಲಾ ಸಮಿತಿಯ ಅಧ್ಯಕ್ಷ, ನಾನು ಸದಸ್ಯ. ನನ್ನ ಮಾನ ಹೋದದ್ದಕ್ಕೆ ನನಗಿಂತ ಹೆಚ್ಚು ಅವನೇ ಕುದಿಯುತ್ತಿದ್ದ.

"ಬಿಡಬಾರದು ಕಣಣ್ಣ. ಪಾಠ ಹೇಳು ಅಂದ್ರೆ ಪತ್ತೇದಾರಿ ಮಾಡ್ತಾಳಾ? ಅದೂ ಹಂಗಾಮಿ ಟೀಚರ್. ಈ ಅವಧಿ ಮುಗಿದ ಮೇಲೆ ಅವಳನ್ನ ಮುಂದುವರಿಸೋದು ಬಿಡೋದು ನಮ್ಮ ಕೈಯಲ್ಲೇ ಇದೆ. ಹಾಕು ಸಹಿ."

ದೂರು ಬರೆದೇ ತಂದಿದ್ದ. ಮೊದಲ ಸಹಿ ನಾನು ಹಾಕಿದೆ. ಆಕೆ ಹನ್ನೊಂದು ವರ್ಷದಿಂದ ಹೀಗೆ ಶಾಲೆಯಿಂದ ಶಾಲೆಗೆ, ಅವಧಿಯಿಂದ ಅವಧಿಗೆ ನೇತಾಡುವ ಕೆಲಸದಲ್ಲಿದ್ದಾರೆ, ಮನೆಯಲ್ಲಿ ಕಣ್ಣು ಕಾಣದ ಅಕ್ಕ ಇದ್ದಾರೆ, ಆ ಸಂಬಳ ಬಿಟ್ಟರೆ ಬೇರೆ ದಾರಿ ಇಲ್ಲ ಎಂಬುದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ.

ಸಭೆ ಮೂರನೇ ತರಗತಿಯ ಕೋಣೆಯಲ್ಲೇ ನಡೆಯಿತು, ಬೇರೆ ಕೋಣೆಯ ಬೀಗದ ಕೈ ಸಿಗಲಿಲ್ಲವಂತೆ. ಐದು ಜನ ಸದಸ್ಯರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತೆವು: ಅಧ್ಯಕ್ಷ, ಹೆಡ್‌ಮಾಸ್ಟರು, ನಾನು, ಪೋಷಕರ ಕಡೆಯಿಂದ ಒಬ್ಬ ಕ್ಷೌರಿಕ ಮತ್ತು ಒಬ್ಬರು ನರ್ಸ್. ಟೀಚರ್ ಗೋಡೆಯ ಪಟ್ಟಿಗೆ ಬೆನ್ನು ಕೊಟ್ಟು ನಿಂತರು. ಮನೆಗೆ ಹೋಗಿರೆಂದರೂ ಹೋಗದ ಏಳೆಂಟು ಮಕ್ಕಳು ಕಿಟಕಿಗೆ ಅಂಟಿಕೊಂಡಿದ್ದರು.

"ಪಟ್ಟಿ ಇಳಿಸಿ, ಮಾತು ಮುಗೀತು," ಎಂದ ಅಧ್ಯಕ್ಷ.

"ಇಳಿಸಲ್ಲ ಸರ್."

"ಇಳಿಸದಿದ್ರೆ ಮುಂದಿನ ಅವಧಿಗೆ ನೀವು ಇರಲ್ಲ. ಯೋಚನೆ ಮಾಡಿ."

"ಮಾಡೇ ಬಂದೆ."

ಹೆಡ್‌ಮಾಸ್ಟರು ನಡುವೆ ಬಂದರು. "ಅಲ್ಲ ಟೀಚರ್, ಪುಸ್ತಕದ ಚಿತ್ರ ತೋರಿಸಿ ಹೇಳಿಕೊಟ್ರೆ ಸಾಕಾಗ್ತಿರಲಿಲ್ವಾ?"

"ಚಿತ್ರದ ಪೆನ್ಸಿಲ್ ಯಾವಾಗಲೂ ಹತ್ತು ಸೆಂಟಿಮೀಟರೇ ಇರತ್ತೆ ಸರ್. ಅದನ್ನ ಅಳೆಯೋಕೆ ಕಲಿಯಬೇಕಾಗಿಲ್ಲ."

ಕ್ಷೌರಿಕ ಕೆಮ್ಮಿನಲ್ಲಿ ನಗು ಅಡಗಿಸಿದ. ಇನ್ನು ಸುಮ್ಮನಿದ್ದರೆ ಆಗದೆಂದು ನಾನು ಬಾಯಿ ಹಾಕಿದೆ. "ಟೀಚರಮ್ಮ, ಮಕ್ಕಳು ತಾನೇ. ಸೊನ್ನೆ ಬಿಟ್ಟು ಒಂದರಿಂದ ಅಳೆದಿರ್ತವೆ, ಅದಕ್ಕೇ ಕಮ್ಮಿ ಬಂದಿದೆ."

"ಒಂದರಿಂದ ಶುರು ಮಾಡಿದ್ರೆ ಜಾಸ್ತಿ ಬರತ್ತೆ ಯಜಮಾನ್ರೇ, ಕಮ್ಮಿ ಬರಲ್ಲ. ಬೇಕಾದ್ರೆ ನಿಮ್ಮ ಮೊಮ್ಮಗಳನ್ನ ಕೇಳಿ."

ಕಿಟಕಿಯಲ್ಲಿ ಮೊಮ್ಮಗಳು ಜೋರಾಗಿ ತಲೆಯಾಡಿಸಿದಳು. ಮನೆಯಲ್ಲೇ ವೈರಿ ಸಾಕಿದ್ದೆ.

"ಪಟ್ಟಿಯಲ್ಲಿ ತಪ್ಪಿದ್ರೆ ಈಗಲೇ ಹರಿದು ಹಾಕ್ತೀನಿ," ಎಂದರು ಟೀಚರ್. ದನಿ ಏರಲಿಲ್ಲ. "ತಪ್ಪು ತೋರಿಸಿ. ನಿಮ್ಮ ಕಡ್ಡಿ ತನ್ನಿ, ನಿಮ್ಮ ಬಟ್ಟೆ ತನ್ನಿ, ನೀವೇ ಅಳೆದು ಹರೀರಿ. ಆಮೇಲೆ ನೋಡೋಣ."

ಅಂಗಡಿ ಎದುರು ಬೀದಿಯಲ್ಲೇ. ಹಟಕ್ಕೆ ಬಿದ್ದು ಹೋದೆ, ಅದೇ ಪರದೆ ಬಟ್ಟೆಯ ಸುರುಳಿ ಮತ್ತು ಮುದ್ರೆ ಬಿದ್ದ ಕಡ್ಡಿ ತಂದೆ. ಎಲ್ಲರೆದುರು ಒಂದು ಮೀಟರ್ ಅಳೆದು ಹರಿದೆ. ನರ್ಸ್ ಅದನ್ನು ಬೆಂಚಿನ ಮೇಲೆ ಹಾಸಿದರು. ಟೀಚರ್ ಅದರ ಪಕ್ಕಕ್ಕೆ ಕೊಳವೆ ಇಡಲಿಲ್ಲ, ನನ್ನ ಕಡ್ಡಿಯನ್ನೇ ಇಟ್ಟರು. ಎರಡೂವರೆ ಸೆಂಟಿಮೀಟರ್ ಉಕ್ಕು ಬರಿದಾಗಿ ಹೊಳೆಯಿತು.

"ಇನ್ನೊಂದು ಸಲ," ಎಂದೆ. ಈ ಸಲ ಎಳೆಯಬಾರದೆಂದು ಹಲ್ಲು ಕಚ್ಚಿ ಹಿಡಿದೆ. ಆದರೆ ಕತ್ತರಿ ಹತ್ತಿರ ಬಂದದ್ದೇ ತಡ, ಹೆಬ್ಬೆರಳುಗಳು ತಮ್ಮ ಪಾಡಿಗೆ ತಾವು ಎಳೆದವು. ಎರಡು ಸೆಂಟಿಮೀಟರ್ ಕಮ್ಮಿ. ಮೂರನೇ ಸಲವೂ ಅಷ್ಟೇ. ಕೋಣೆಯಲ್ಲಿ ಯಾರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು.

ಅಧ್ಯಕ್ಷ ಮಾತ್ರ ಪಟ್ಟು ಬಿಡಲಿಲ್ಲ. "ಬಟ್ಟೆ ವಿಷಯ ಹಾಗಿರಲಿ. ಇವರನ್ನ ಮುಂದುವರಿಸೋದು ಬೇಡ ಅನ್ನೋರು ಕೈ ಎತ್ತಿ."

ನಾನು ಅವನ ಮುಖ ನೋಡಿದೆ. ಅಂಗಡಿಯಲ್ಲಿ ಕೂತವನಿಗೆ ಎದುರಿನವನ ಆತುರ ಬೇಗ ಅರ್ಥವಾಗುತ್ತದೆ. ಬೆಂಚಿನ ಮೇಲೆ ಮಕ್ಕಳ ಪುಸ್ತಕ ಬಿದ್ದಿತ್ತು, ಸುಮ್ಮನೆ ಹಾಳೆ ತಿರುವಿದೆ. ಮುಂದಿನ ಅವಧಿಯ ಮೊದಲ ಪಾಠ: ಲೀಟರ್. ಚಿತ್ರದಲ್ಲಿ ಒಂದು ಎಣ್ಣೆ ಅಳೆಯುವ ಪಾತ್ರೆ.

ಅಧ್ಯಕ್ಷನ ಕೈ ಮೇಲಿತ್ತು, ಹೆಡ್‌ಮಾಸ್ಟರ ಕೈ ಅದರ ಹಿಂದೆಯೇ ಅರ್ಧ ಎದ್ದಿತ್ತು. ಕ್ಷೌರಿಕ ಮತ್ತು ನರ್ಸ್ ಕೈಕಟ್ಟಿ ಕೂತಿದ್ದರು. ಎಲ್ಲರೂ ನನ್ನನ್ನೇ ನೋಡಿದರು.

"ಎತ್ತಣ್ಣ ಕೈ," ಎಂದ ಅಧ್ಯಕ್ಷ. "ಸಹಿ ಹಾಕಿದ್ದೀಯ."

"ನನ್ನ ಕೈ ಇವತ್ತು ನಾನು ಹೇಳಿದ ಮಾತು ಕೇಳ್ತಿಲ್ಲ, ನೋಡಿದೆಯಲ್ಲ," ಎಂದೆ. "ಟೀಚರ್ ಇರಲಿ. ಲೀಟರ್ ಪಾಠವೂ ಆಗಲಿ."

ಅದರಲ್ಲಿ ದೊಡ್ಡತನವೇನೂ ಇರಲಿಲ್ಲ. ಆಕೆಯನ್ನು ಕಳಿಸಿದ್ದರೆ ಬೀದಿಯೆಲ್ಲ ನನ್ನ ಹೆಸರು ಹಿಡಿದು ಮಾತಾಡುತ್ತಿತ್ತು. ಮತ್ತೆ, ನಾನು ಒಬ್ಬನೇ ಯಾಕೆ ಗೋಡೆ ಏರಬೇಕು?

ಎಲ್ಲ ಎದ್ದು ಹೋದ ಮೇಲೆ ನಾನು ಸ್ವಲ್ಪ ನಿಂತೆ. ಕೆಲಸ ಉಳಿಸಿದವನಿಗೆ ಒಂದು ಒಳ್ಳೆಯ ಮಾತಾದರೂ ಬರುತ್ತದೆಂದು ಕಾದೆ. ಟೀಚರ್ ಪಟ್ಟಿಯ ಕೆಳಗೆ ಮೂರು ಹೊಸ ಸಾಲು ಬರೆಯುತ್ತಿದ್ದರು, ನಾನು ಆಗತಾನೆ ಹರಿದ ಮೂರು ತುಂಡಿನವು.

"ಅದೂ ಬೇಕಾ ಟೀಚರಮ್ಮ?"

"ಅಳೆದಿದ್ದೀವಲ್ಲ," ಎಂದರು, ಬರೆಯುವುದನ್ನು ನಿಲ್ಲಿಸದೆ. "ನಾಳೆ ಹನ್ನೊಂದಕ್ಕೆ ಮಕ್ಕಳನ್ನ ಕರ್ಕೊಂಡು ನಿಮ್ಮ ಅಂಗಡಿಗೆ ಬರ್ತೀನಿ. ಒಂದು ಉದ್ದ ಮೇಜು ಖಾಲಿ ಮಾಡಿಸಿಡಿ."

ಬಂದರು, ಮೂವತ್ತೆಂಟು ಮಕ್ಕಳ ಜೊತೆ. ವ್ಯಾಪಾರದ ಹೊತ್ತು, ಮೂರು ಗಿರಾಕಿಗಳು ನೋಡುತ್ತಿದ್ದರು. ಬಟ್ಟೆಯನ್ನು ಮೇಜಿನ ಮೇಲೆ ಹಾಸಬೇಕು, ಅಂಗೈಯಿಂದ ಸುಕ್ಕು ಮಾತ್ರ ತೆಗೆಯಬೇಕು, ಕೈ ಬಿಡಬೇಕು, ಮೂರರವರೆಗೆ ಎಣಿಸಬೇಕು, ಆಮೇಲೆ ಕಡ್ಡಿ ಇಡಬೇಕು. ನನ್ನ ಮೊಮ್ಮಗಳು ನನಗೆ ತೋರಿಸಿಕೊಟ್ಟಳು. ನಾನು ಕೈ ಬಿಡದೆ ಹಿಡಿದಾಗಲೆಲ್ಲ ಮಕ್ಕಳು ಒಟ್ಟಾಗಿ ಕೂಗುತ್ತಿದ್ದರು, "ತಾತ, ಎಳೀಬೇಡಿ!" ಐದನೇ ಸಲಕ್ಕೆ ಸರಿಯಾಗಿ ನೂರು ಬಂತು. ಈಗಲೂ ಅಂಗಡಿಯಲ್ಲಿ ಆ ಮೇಜಿದೆ, ಗಿರಾಕಿಗಳೂ ಮೊದಲಿಗಿಂತ ಜಾಸ್ತಿ. ಅದನ್ನು ಎಣ್ಣೆ ಅಂಗಡಿಯವನಿಗೆ ಹೇಳಿಲ್ಲ, ಅವನಿಗೆ ಈಗ ಲೀಟರಿನ ಚಿಂತೆ. ಟೀಚರ್ ಆಗಲೇ ಮನೆಮನೆಯಿಂದ ಖಾಲಿ ಬಾಟಲಿ ತರಿಸುತ್ತಿದ್ದಾರೆ.

ದೂರಿನ ಕಾಗದ ಇನ್ನೂ ಶಾಲೆಯ ಕಡತದಲ್ಲಿದೆ, ಅದರಲ್ಲಿ ಮೊದಲ ಸಹಿ ನನ್ನದೇ. ಪಟ್ಟಿ ಸರಿಯಾಗಿತ್ತು, ತಪ್ಪು ನನ್ನ ಕೈಯದು ಎಂದು ಬರೆದು ಆ ಸಹಿಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಬೇಕು. ಐವತ್ತೆಂಟನೇ ವಯಸ್ಸಿನಲ್ಲಿ ನನಗೆ ಒಂದು ಮೀಟರ್ ಅಳೆಯಲು ಕಲಿಸಿದ ಟೀಚರಿಗೆ ನಾನು ಕೊಡಬೇಕಾದದ್ದು ಹಾಗೆ ಬರೆದ ಕಾಗದ.