ಅವ್ವ ಜೈನಾಪುರಕ್ಕೆ ಹೋದದ್ದು

ಅಪ್ಪ ತೀರಿಹೋದ ಮೇಲೆ ಅವ್ವ ಸಂಜೆಯ ಪ್ರಾರ್ಥನೆಯಲ್ಲಿ ಒಂದು ಮಾತಿಗೆ ಬಂದು ನಿಂತುಬಿಡುತ್ತಿದ್ದಳು.

ಇಬ್ರಾಹಿಂಪುರದ ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಚಾಪೆಯ ಮೇಲೆ ಕೂತು, ಯೇಸುಸ್ವಾಮಿ ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಒಟ್ಟಿಗೆ ಹೇಳುವುದು ನಾನು ಹುಟ್ಟುವ ಮೊದಲಿನಿಂದಲೂ ಇದ್ದ ರೂಢಿ. ಪಕ್ಕದ ಹಳಿಯ ಮೇಲೆ ರೈಲು ಬಂದರೆ ದನಿ ಏರಿಸುತ್ತಿದ್ದೆವೇ ಹೊರತು ನಿಲ್ಲಿಸುತ್ತಿರಲಿಲ್ಲ. ಈಗ ಅವ್ವ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂದು ಬೇಡುವ ಮಾತು ಬಂದ ಕೂಡಲೇ ಬಾಯಿ ಮುಚ್ಚುತ್ತಿದ್ದಳು. ನನ್ನ ತಮ್ಮ ಅದನ್ನು ಹೇಳಿ ಮುಂದೆ ಹೋದಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದಳು.

ನಾನು ಟಿಕೋಟಾದ ಸೊಸೆ. ಅಲ್ಲಿಯೇ ಕನ್ನಡ ಸಾಲೆಯಲ್ಲಿ ಪಾಠ ಹೇಳುತ್ತೇನೆ. ಶನಿವಾರ ಸಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ತವರಿಗೆ ಬರುತ್ತಿದ್ದೆ. ಹಾಗೆ ಬಂದ ಒಂದು ವಾರ ಇದನ್ನು ಗಮನಿಸಿದೆ, ಮರುವಾರವೂ ಗಮನಿಸಿದೆ. ಕೊನೆಗೆ ಕೇಳಿಯೇಬಿಟ್ಟೆ.

"ಯಾಕವ್ವ, ಅಲ್ಲಿ ಬಂದು ನಿಲ್ತಿ?"

"ದೇವ್ರ ಮುಂದ ಸುಳ್ಳ ಹೇಳಾಕ ಬರೂದಿಲ್ಲಲ್ಲ" ಅಂದಳು. "ಬ್ಯಾರೆ ಎಲ್ಲಾ ಹೇಳ್ತೇನಿ. ಅದೊಂದು ಆಗವಲ್ದು."

ಅಪ್ಪ ಟೇಲರ್ ಆಗಿದ್ದ. ರೈಲ್ವೆ ಗೇಟಿನ ಹತ್ತಿರ ಪುಟ್ಟ ಅಂಗಡಿ, ಒಂದೇ ಮಷೀನು. ಹೆಚ್ಚಾಗಿ ಸಾಲೆಯ ಮಕ್ಕಳ ಅಂಗಿ, ಚಡ್ಡಿ, ಲಂಗ. ಮಡಿಕೆಯೊಳಗೆ ಹೆಚ್ಚಿಗೆ ಬಟ್ಟೆ ಬಿಟ್ಟು ಹೊಲಿಯುತ್ತಿದ್ದ. ಮಕ್ಕಳು ಬೆಳೆಯುತ್ತವೆ, ಬಿಚ್ಚಿ ಇಳಿಸಿಕೊಳ್ಳಲಿ ಅನ್ನುತ್ತಿದ್ದ. ಸಾಲೆ ಶುರುವಾಗುವ ದಿನಗಳಲ್ಲಿ ಬಬಲೇಶ್ವರದ ಒಂದು ಸಾಲೆಗೆ ಕೊಡಬೇಕಾದ ಬಟ್ಟೆಯ ಗಂಟನ್ನು ಬೈಕಿಗೆ ಕಟ್ಟಿಕೊಂಡು ಹೊರಟಿದ್ದ. ಹೊಲದಿಂದ ರಸ್ತೆಗೆ ಏರಿದ ಟ್ರ್ಯಾಕ್ಟರು ಬಡಿಯಿತು. ಅಂಬುಲೆನ್ಸಿನಲ್ಲಿ ತರುವಾಗಲೇ ಪ್ರಾಣ ಹೋಯಿತು. ನಾವು ಯಾರೂ ಜೊತೆಗಿರಲಿಲ್ಲ. ಕೊನೆಯ ಮಾತು ಕೇಳಲಿಲ್ಲ, ಬಾಯಿಗೆ ಹನಿ ನೀರು ಬಿಡಲಿಲ್ಲ. ಟ್ರ್ಯಾಕ್ಟರು ಹೊಡೆಯುತ್ತಿದ್ದವನು ಜೈನಾಪುರದವನು, ಅಪ್ಪನನ್ನು ರಸ್ತೆಯಲ್ಲಿ ಬಿಟ್ಟು ಓಡಿಹೋದನು ಎಂದು ಜನ ಹೇಳಿದರು. ಮರುದಿನ ಅವನೇ ಠಾಣೆಗೆ ಬಂದನಂತೆ. ಕೇಸು ತನ್ನ ಪಾಡಿಗೆ ನಡೆದಿತ್ತು. ಅವನ ಮುಖವನ್ನು ನಾವು ನೋಡಿರಲಿಲ್ಲ, ನೋಡುವ ಮನಸ್ಸೂ ಇರಲಿಲ್ಲ.

ಮಳೆಗಾಲ ಮುಗಿದು ಜೋಳ ಮೊಳಕಾಲುದ್ದ ಬಂದಿತ್ತು. ಒಂದು ಭಾನುವಾರ ಆರಾಧನೆ ಮುಗಿಸಿ ಚರ್ಚಿನ ಗೇಟು ದಾಟಿದ ಅವ್ವ ಮನೆಯ ದಾರಿ ಹಿಡಿಯಲಿಲ್ಲ.

"ಬಸ್‌ಸ್ಟ್ಯಾಂಡಿಗೆ ನಡಿ" ಅಂದಳು. "ಜೈನಾಪುರಕ ಹೋಗೂಣು."

"ಅಲ್ಲಿ ಏನ ಕೆಲಸ ಐತವ್ವ? ಜಗಳ ಮಾಡಾಕ?"

"ನೋಡಾಕ. ಮುಖಾನ ಗೊತ್ತಿಲ್ಲದವಂಗ ಹೆಂಗ ಕ್ಷಮಾ ಮಾಡ್ಲಿ ನಾ? ದಿನಾ ಸಂಜಿಗೆ ಕಣ್ಣ ಮುಚ್ಚಿದ್ರ ಬರೇ ಟ್ರ್ಯಾಕ್ಟರ್ ಕಾಣ್ತೈತಿ."

ತಮ್ಮನಿಗೆ ಫೋನು ಮಾಡಲೂ ಬಿಡಲಿಲ್ಲ. ಆಧಾರ್ ಕಾರ್ಡು ತೋರಿಸಿ ಇಬ್ಬರೂ ಬಸ್ಸಿನಲ್ಲಿ ಕೂತೆವು. ಅಪ್ಪ ಬಿದ್ದ ಜಾಗ ಇದೇ ರಸ್ತೆಯಲ್ಲಿ ಎಲ್ಲಿಯೋ ಇತ್ತು. ಎಲ್ಲಿ ಎಂದು ನಮಗೆ ತಿಳಿದಿರಲಿಲ್ಲ, ಆದ್ದರಿಂದ ಪ್ರತಿಯೊಂದು ತಿರುವೂ ಅದೇ ಇರಬಹುದು ಅನಿಸುತ್ತಿತ್ತು.

ಊರಲ್ಲಿ ಚಹಾದಂಗಡಿಯವನನ್ನು ಆ ಟ್ರ್ಯಾಕ್ಟರಿನವನ ಮನೆ ಎಲ್ಲಿ ಎಂದು ಕೇಳಿದಾಗ ಅವನು, ನಾವಿಬ್ಬರೂ ಚರ್ಚಿಗೆಂದು ಉಟ್ಟಿದ್ದ ಬಿಳಿ ಸೀರೆ, ಅವ್ವನ ಕೈಯಲ್ಲಿದ್ದ ಬೈಬಲ್ಲಿನ ಚೀಲ ನೋಡಿ, ಏನೂ ಕೇಳದೆ ಕೈ ತೋರಿಸಿದ. ಮುಂದೆ ಎಮ್ಮೆ ಕಟ್ಟಿದ್ದ ಸಣ್ಣ ಮನೆ. ಮುದುಕಿಯೊಬ್ಬಳು ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಅವನ ತಾಯಿ.

"ಯಾರ ಬೇಕಾಗಿತ್ರಿ?"

"ನಾ ಇಬ್ರಾಹಿಂಪುರದಾಕಿರಿ" ಎಂದಳು ಅವ್ವ. "ಆ ಟೇಲರ್ ಇದ್ರಲ್ಲ, ಅವರ ಹೆಂಡ್ತಿ."

ಮುದುಕಿಯ ಮೊರದಿಂದ ಶೇಂಗಾ ಚೆಲ್ಲಿದವು. "ಯವ್ವಾ, ಶಾಪ ಹಾಕಬ್ಯಾಡ. ನನ್ನ ಮಗಗ ಹಾಕೂದ ಇದ್ರ ನನಗ ಹಾಕು" ಎಂದು ಸೆರಗು ಒಡ್ಡಿದಳು.

ಅವ್ವ ಅವಳ ಎದುರು ನೆಲದ ಮೇಲೆಯೇ ಕೂತಳು. "ಬಿಸಲಾಗ ಬಂದೇನ್ರಿ. ಒಂದು ಚರಗಿ ನೀರ ಕೊಡ್ರಿ" ಅಂದಳು.

ನಾನು ಟೀಚರು, ಮಾತಿನಿಂದಲೇ ಹೊಟ್ಟೆ ಹೊರೆಯುವವಳು. ಆದರೂ ಆ ಗಳಿಗೆಗೆ ಅದಕ್ಕಿಂತ ದೊಡ್ಡ ಮಾತು ನನಗೆ ಇಂದಿಗೂ ಹೊಳೆದಿಲ್ಲ. ಮುದುಕಿ ನೀರು ತಂದಳು. ಅವ್ವ ಅದನ್ನು ಪೂರ್ತಿ ಕುಡಿದಳು.

ಅಷ್ಟರಲ್ಲಿ ಅವನು ಹಿತ್ತಲಿನಿಂದ ಬಂದ. ತಮ್ಮನಷ್ಟೇ ವಯಸ್ಸು. ಗಡ್ಡ ಬಿಟ್ಟಿದ್ದ. ನಾವು ಯಾರೆಂದು ತಾಯಿ ಹೇಳುವ ಮೊದಲೇ ಅವನಿಗೆ ತಿಳಿದಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತ. ಟ್ರ್ಯಾಕ್ಟರು ಮುಟ್ಟುವುದನ್ನೇ ಬಿಟ್ಟಿದ್ದಾನೆ, ಸರಿಯಾಗಿ ಉಣ್ಣುವುದಿಲ್ಲ ಎಂದು ಮುದುಕಿ ಒಂದೇ ಸವನೆ ಹೇಳುತ್ತಿದ್ದಳು.

ಅವ್ವ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು: "ಕ್ಷಮಾ ಮಾಡೇನಿ ಅಂತ ಹೇಳಾಕ ಬಂದಿಲ್ಲೋ ಯಪ್ಪಾ. ಇನ್ನೂ ಆಗಿಲ್ಲ ನನಗ. ಆದ್ರ ಮಾಡಬೇಕು ಅಂತ ಭಾಳ ಐತಿ. ಅದಕ್ಕ ನಿನ್ನ ನೋಡಾಕ ಬಂದೆ."

ಅವನು ಹೊಸ್ತಿಲಲ್ಲೇ ಕೂತ. ತಲೆ ತಗ್ಗಿಸಿಯೇ ಮಾತಾಡಿದ.

"ಬಿಟ್ಟು ಓಡಿಹ್ವಾದ ಅಂತಾರವ್ವ ಜನ. ಓಡಿದ್ದು ಖರೇನ. ಆದ್ರ ಅಂಬುಲೆನ್ಸ್ ಬಂದಮ್ಯಾಗ ಓಡಿದೆ, ಜನ ಹೊಡೀತಾರಂತ ಅಂಜಿ. ಅಲ್ಲೀತನಕ ಕಾಕಾರ ತಲಿ ನನ್ನ ತೊಡಿಮ್ಯಾಲ ಇತ್ತು."

ಅವ್ವ ಮುಂದೆ ಸರಿದಳು. "ಮಾತಾಡಿದ್ರೇನು?"

"ನೀರ ಕೇಳಿದ್ರು. ನನ್ನ ಬಾಟ್ಲಿಲೆ ಕುಡಿಸಿದೆ. ನಾ ಅಳಾಕತ್ತಿದ್ದೆ. ನನ್ನ ಕೈ ಹಿಡದು 'ಹೆದರಬ್ಯಾಡೋ ತಮ್ಮಾ' ಅಂದ್ರು. ಆಮ್ಯಾಲ ಗಂಟಿನ ಕಡೆ ನೋಡಿ 'ಹುಡುಗೂರ ಅಂಗಿ ಅದಾವು, ರಕ್ತ ಹತ್ತೀತು, ಆಕಡೆ ಸರಸು' ಅಂದ್ರು. ಅಷ್ಟ. ಮುಂದ ಮಾತು ಬರಲಿಲ್ಲ."

"ಆ ಗಂಟು?" ಎಂದು ಕೇಳಿದವಳು ನಾನು. ಬಟ್ಟೆ ಸಾಲೆಗೆ ಮುಟ್ಟಿದ್ದು ನಮಗೆ ಗೊತ್ತಿತ್ತು. ಪೊಲೀಸರು ಕಳಿಸಿರಬೇಕು ಅಂದುಕೊಂಡಿದ್ದೆವು.

"ಓಡೂಮುಂದ ಹೆಗಲಿಗೆ ಹಾಕ್ಕೊಂಡಿದ್ದೆ, ಮ್ಯಾಲ ಸಾಲಿ ಹೆಸರಿತ್ತು. ಮರುದಿನ ನಾನ ಒಯ್ದು ಸಾಲಿ ಗೇಟಿನಾಗ ಇಟ್ಟೆರಿ, ಅಕ್ಕಾರ. ಒಳಗ ಹೋಗಾಕ ಧೈರ್ಯ ಆಗ್ಲಿಲ್ಲ. ಅಲ್ಲಿಂದ ಠಾಣೆಕ ಹೋಗಿ ಕುಂತೆ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಒತ್ತಿಕೊಂಡೇ, "ಇನ್ನೊಮ್ಮೆ ಹೇಳೋ ಯಪ್ಪಾ" ಅಂದಳು. ಅವನು ಇನ್ನೊಮ್ಮೆ ಹೇಳಿದ. ನೀರು ಕೊಟ್ಟದ್ದು, ಕೈ ಹಿಡಿದದ್ದು, ಅಂಗಿಯ ಮಾತು. ಅವಳು ಮತ್ತೆ ಕೇಳಿದಳು, ಅವನು ಮತ್ತೆ ಹೇಳಿದ. ನಮ್ಮ ಅಪ್ಪನ ಕೊನೆಯ ಮಾತು ಇಷ್ಟು ದಿನ ಈ ಮನೆಯಲ್ಲಿ ಇತ್ತು. ನಾವು ದ್ವೇಷಿಸುತ್ತಿದ್ದವನೇ ಅದನ್ನು ಜೋಪಾನ ಮಾಡಿ ಇಟ್ಟುಕೊಂಡಿದ್ದ. ನಾವು ಕೊಡಲಾಗದ ನೀರನ್ನು ಅವನು ಕೊಟ್ಟಿದ್ದ. ಕೂತ ನೆಲವನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿದೆ.

ಅವ್ವ ಎದ್ದು ಅವನ ತಲೆಯ ಮೇಲೆ ಕೈ ಇಟ್ಟಳು. ಮುದುಕಿ ಒಳಗೆ ಹೋಗಿ ಬಿಸಿ ರೊಟ್ಟಿ ಬಡಿದಳು. ನಾವು ಉಂಡೆವು. ಅವನನ್ನೂ ಅವ್ವ ಪಕ್ಕದಲ್ಲಿ ಕೂಡಿಸಿಕೊಂಡು ಉಣ್ಣಿಸಿದಳು.

ಮರಳುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಿದ್ದಳು. ತುಟಿ ಅಲುಗುತ್ತಿತ್ತು. ಊರು ಕಾಣತೊಡಗಿದಾಗ ನನ್ನ ಕಡೆ ತಿರುಗಿದಳು.

"ಬಂತು."

"ಏನವ್ವ?"

"ಆ ಮಾತು. ನಾ ತಂದಿದ್ದಲ್ಲ, ತಾನ ಬಾಯಾಗ ಬಂತು. ನಾಳೆ ಬರ್ತೈತೋ ಇಲ್ಲೋ ಯಾರಿಗೊತ್ತು."

ಮರುದಿನ ಬರಲಿಲ್ಲವಂತೆ. ಅದರ ಮರುದಿನ ಬಂತಂತೆ. ಇಂದಿಗೂ ಹಾಗೆಯೇ, ಒಮ್ಮೊಮ್ಮೆ ತಡೆಯುತ್ತದೆ. ತಡೆದ ದಿನ ಅವಳು ಜೈನಾಪುರಕ್ಕೆ ಫೋನು ಹಚ್ಚಿ ಮುದುಕಿಯ ಜೊತೆ ಎಮ್ಮೆಯ ವಿಷಯ ಮಾತಾಡುತ್ತಾಳೆ.

ತಮ್ಮ ಮಾತ್ರ ಉರಿದುಬಿದ್ದ. "ಅಪ್ಪನ ಮ್ಯಾಲ ಗಾಡಿ ಹಾಯ್ಸಿದವನ ಮನ್ಯಾಗ ರೊಟ್ಟಿ ತಿಂದು ಬಂದೇನವ್ವ?"

"ಹೌದು. ಹಸಿವಾಗಿತ್ತು."

"ವಕೀಲರಿಗೆ ಏನ ಹೇಳ್ಲಿ?"

"ಖರೇ ಹೇಳು. ಕೋರ್ಟು ತನ್ನ ಕೆಲಸ ಮಾಡ್ಲಿ. ನಂದು ನಾ ಮಾಡ್ತೀನಿ."

ಅಪ್ಪನ ಕೊನೆಯ ಮಾತನ್ನು ಹೇಳಲು ಹೋದರೆ ಎದ್ದು ಹೊರಗೆ ಹೋದ. ಪ್ರಾರ್ಥನೆಗೆ ಕೂಡುವುದನ್ನೂ ಬಿಟ್ಟ. ಅವನಿಗೆ ಬುದ್ಧಿ ಹೇಳಿಸೋಣ, ಸಭಾಪಾಲಕರನ್ನು ಕರೆಯೋಣ ಎಂದರೆ ಅವ್ವ ಒಪ್ಪಲಿಲ್ಲ. "ನನಗ ಒಂದು ಮಳಿಗಾಲ ಬೇಕಾತು. ಅವಂಗೂ ಟೈಮ್ ಕೊಡು" ಅಂದಳು. ಕ್ರಿಸ್‌ಮಸ್ಸಿಗೆ ಅವಳು ಕರಚಿಕಾಯಿ ಕಟ್ಟಿಕೊಂಡು ಒಬ್ಬಳೇ ಜೈನಾಪುರಕ್ಕೆ ಹೋಗಿಬಂದಳು.

ಮುಂದೆ ಬೇಸಿಗೆಯಲ್ಲಿ ಮುದುಕಿಗೆ ಉಸಿರಾಟದ ತೊಂದರೆಯಾಗಿ ನಮ್ಮ ಊರಿನ ಆಸ್ಪತ್ರೆಗೆ ತಂದು ಸೇರಿಸಿದರು. ಅವ್ವ ದಿನವೂ ಡಬ್ಬಿ ಒಯ್ಯುತ್ತಿದ್ದಳು. ಮುದುಕಿ ತನ್ನ ದೇವರನ್ನು ನೆನೆಯುತ್ತಿದ್ದಳಂತೆ, ಇವಳು ಅವಳ ಕೈ ಹಿಡಿದು ತನ್ನ ದೇವರಲ್ಲಿ ಬೇಡುತ್ತಿದ್ದಳಂತೆ. ಪಕ್ಕದ ಮಂಚದವರು ಇವರನ್ನು ಅಕ್ಕತಂಗಿಯರು ಅಂದುಕೊಂಡಿದ್ದರು.

ಒಂದು ಭಾನುವಾರ ಅವ್ವನಿಗೇ ಜ್ವರ ಬಂತು. ನಾನು ಕಿಚಡಿ ಮಾಡಿ ಡಬ್ಬಿ ತುಂಬಿ, ಚಪ್ಪಲಿ ಹುಡುಕುತ್ತಿದ್ದೆ. ಹೊರಗೆ ಬೈಕು ಚಾಲೂ ಆದ ಸದ್ದಾಯಿತು. ನೋಡಿದರೆ ಡಬ್ಬಿ ಇಲ್ಲ, ತಮ್ಮನೂ ಇಲ್ಲ.

ಅವ್ವ ಹಾಸಿಗೆಯಿಂದಲೇ ನನ್ನನ್ನು ನೋಡಿದಳು.

ಬೇಗ ಬರಬೇಕಾದವನು ಮಧ್ಯಾಹ್ನ ಕಳೆದು ಬಂದ. ಕಣ್ಣು ಕೆಂಪಾಗಿದ್ದವು. ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಖಾಲಿ ಡಬ್ಬಿಯನ್ನು ತಾನೇ ತೊಳೆಯತೊಡಗಿದ. ಬೆನ್ನು ನಮ್ಮ ಕಡೆ ಇತ್ತು.

"ಅಜ್ಜಿಗೆ ಖಾರ ಜಾಸ್ತಿ ಆಗೈತಂತ" ಅಂದ. "ನಾಳೆ ಕಮ್ಮಿ ಹಾಕ್ರಿ. ನಾನ ಒಯ್ತೀನಿ."

"ಅವ ಇದ್ನೇನೋ?" ಅವ್ವ ಮೆಲ್ಲಗೆ ಕೇಳಿದಳು.

"ಇದ್ದ. ಅಪ್ಪಂದು ಎಲ್ಲಾ ಹೇಳಿದ." ನೀರು ಸುರಿಯುತ್ತಲೇ ಇತ್ತು. "ಚಾ ಕುಡದ್ವಿ."

ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೇ ಇದ್ದೆ. ಇಷ್ಟು ದೊಡ್ಡದೊಂದು ಮನೆಯೊಳಗೆ ಬಂದಾಗ ಕೈಗೆ ಏನು ಕೆಲಸ ಕೊಡಬೇಕೆಂದು ತೋಚುವುದಿಲ್ಲ. ಕೊನೆಗೆ ಹೋಗಿ ಮರುದಿನದ ಕಿಚಡಿಗೆ ಹೆಸರುಬೇಳೆ ಹಸನು ಮಾಡುತ್ತ ಕೂತೆ.